ಹೆಪ್ಪು ಕೇಳುವ ನೆಪ

ಕಳೆದ ವೈಶಾಖದಲ್ಲಿ ತೀರ್ಥಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ನೆಂಟರ ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ನನ್ನ ತಾಯಿಯೂ ನಮ್ಮೂರ ಕೆಳಮನೆಯ ಚಿಕ್ಕಮ್ಮನೂ ಅಕ್ಕಪಕ್ಕದಲ್ಲಿ ಕುಳಿತಿದ್ದರು. ಹೋಳಿಗೆಗೆ ತುಪ್ಪ ಬಡಿಸುವವರು ಮುಂದೆ ಸಾಗಿದ ಮೇಲೆ ಚಿಕ್ಕಮ್ಮ ಎಲೆಯಿಂದ ಕಣ್ಣೆತ್ತದೆಯೇ, “ಅಕ್ಕಾ, ನೀವು ನಮ್ಮನೆ ಮೆಟ್ಲು ಹತ್ತದೆ ಎಷ್ಟು ದಿನ ಆಯ್ತು ಗೊತ್ತಾ?” ಎಂದು ಕೇಳಿದರು. “ಎಂತದು, ನವರಾತ್ರಿಗೆ ಬಂದಿದ್ನಲ್ಲ ಮಾರಾಯ್ತಿ” ಎಂದಳು ಅಮ್ಮ. ಅದು ಈ ಸಲದ ನವರಾತ್ರಿಯಲ್ಲ, ಅದರ ಹಿಂದಿನದು ಎಂದು ಚಿಕ್ಕಮ್ಮ ತಿದ್ದಿದರು. ಇಬ್ಬರೂ ನಕ್ಕರು. ಆದರೆ ಆಮೇಲೆ ಮಜ್ಜಿಗೆ ಬರುವವರೆಗೂ ಇಬ್ಬರಲ್ಲಿ ಒಬ್ಬರೂ ಮಾತನಾಡಲಿಲ್ಲ.

ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ, ಮಂಡಗದ್ದೆಯ ತಿರುವುಗಳು ಮುಗಿದ ಮೇಲೂ, ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರಿಬ್ಬರ ನಡುವೆ ಜಗಳವಿಲ್ಲ, ಬೇಲಿಯ ತಕರಾರಿಲ್ಲ, ತೋಟಕ್ಕೆ ನೀರು ಬಿಡುವ ಪಾಳಿಯ ಮನಸ್ತಾಪವೂ ಇಲ್ಲ. ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದು ಅಡಿಕೆ ತೋಟ, ಒಂದು ಹಳ್ಳ ಮತ್ತು ಆ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಒಂದು ಸಂಕ. 76 ವರ್ಷದ ಅಮ್ಮನ ನಡಿಗೆಗೂ ಅದು ಹತ್ತು ನಿಮಿಷದ ದಾರಿ. ದಿನವೂ ಬೆಳಿಗ್ಗೆ ಆರು ಗಂಟೆಗೆ ಚಿಕ್ಕಮ್ಮನಿಂದ ದೇವರ ಚಿತ್ರವಿರುವ ಶುಭೋದಯ ವಾಟ್ಸಾಪಿನಲ್ಲಿ ಬರುತ್ತದೆ, ಅಮ್ಮ ಅದಕ್ಕೆ ಕೈಮುಗಿದ ಚಿತ್ರವನ್ನು ಕಳುಹಿಸುತ್ತಾಳೆ. ಚಿಕ್ಕಮ್ಮನ ಸಕ್ಕರೆಯ ಪ್ರಮಾಣ ಎಷ್ಟಿದೆ, ಯಾವ ಮಾತ್ರೆ ಬದಲಾಯಿತು, ಮೊಮ್ಮಗಳಿಗೆ ಯಾವ ಕಾಲೇಜು ಸಿಕ್ಕಿತು, ಕಪ್ಪು ದನ ಎಷ್ಟು ಹಾಲು ಕೊಡುತ್ತಿದೆ ಎಂಬುದೆಲ್ಲ ಅಮ್ಮನಿಗೆ ಗೊತ್ತು. ಅಮ್ಮನ ಮಂಡಿನೋವು ಯಾವ ದಿನ ಹೆಚ್ಚಾಯಿತೆಂಬುದು ನನಗಿಂತ ಮೊದಲು ಚಿಕ್ಕಮ್ಮನಿಗೆ ತಿಳಿಯುತ್ತದೆ. ಹೀಗೆ ಎಲ್ಲವನ್ನೂ ಬಲ್ಲ ಇಬ್ಬರು ಹೆಂಗಸರು ಒಂದೂವರೆ ವರ್ಷದಿಂದ ಒಬ್ಬರ ಜಗಲಿಯಲ್ಲಿ ಇನ್ನೊಬ್ಬರು ಕುಳಿತಿಲ್ಲ, ಮತ್ತು ಮದುವೆಯೂಟದಲ್ಲಿ ಲೆಕ್ಕ ಹಾಕುವವರೆಗೆ ಅದು ಅವರ ಗಮನಕ್ಕೂ ಬಂದಿರಲಿಲ್ಲ.

ಮೊಬೈಲು ಮನುಷ್ಯರನ್ನು ದೂರ ಮಾಡಿತು ಎಂಬ ಮಾತನ್ನು ನಾವೆಲ್ಲರೂ ಮೊಬೈಲಿನಲ್ಲಿಯೇ ದಿನಕ್ಕೆ ನಾಲ್ಕು ಸಲ ಓದುತ್ತೇವೆ, ಓದಿ ಬೇರೆಯವರಿಗೆ ದಾಟಿಸುತ್ತೇವೆ. ಅಷ್ಟು ದೊಡ್ಡ ಮಾತನ್ನು ಹೇಳುವ ಧೈರ್ಯ ನನಗಿಲ್ಲ. ಅಮ್ಮನಿಗೂ ಚಿಕ್ಕಮ್ಮನಿಗೂ ಇರುವ ಅಕ್ಕರೆ ಮೊದಲಿನಷ್ಟೇ ಇದೆ. ಇಲ್ಲದಂತಾದದ್ದು ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಕ್ಕಿದ್ದ ನೆಪ.

ಈ ನೆಪದ ಮಹತ್ವ ತಿಳಿಯಬೇಕಾದರೆ ಮಲೆನಾಡಿನ ಊರು ಹೇಗಿರುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ಬಯಲುಸೀಮೆಯ ಊರಿನಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ, ಹೊಸ್ತಿಲು ದಾಟಿದರೆ ಎದುರಿಗೊಂದು ಮುಖ, ನಾಲ್ಕು ಹೆಜ್ಜೆ ಇಟ್ಟರೆ ಅರಳಿಕಟ್ಟೆ. ನಮ್ಮಲ್ಲಿ ಊರೆಂದರೆ ಗುಡ್ಡದ ಓರೆಯಲ್ಲೊಂದು, ಕಣಿವೆಯಲ್ಲೊಂದು, ಗದ್ದೆಯ ಆಚೆಗೊಂದು ಚದುರಿದ ಒಂಟಿಮನೆಗಳು; ಮೇಲಿನಮನೆ, ಕೆಳಮನೆ, ಆಚೆಮನೆ, ಗುಡ್ಡದಮನೆ ಎಂದು ದಿಕ್ಕಿನಿಂದಲೇ ಅವುಗಳ ಹೆಸರು. ಎರಡು ಮನೆಗಳ ನಡುವಿನ ದೂರವನ್ನು ಕೂಗಳತೆ ಎಂದು ಅಳೆಯುತ್ತಿದ್ದ ನಾಡು ಇದು. ಇಲ್ಲಿ ಯಾರೂ ಯಾರಿಗೂ ಆಕಸ್ಮಿಕವಾಗಿ ಎದುರಾಗುವುದಿಲ್ಲ, ಹೊರಟೇ ಹೋಗಬೇಕು. ಮೇಲಾಗಿ ನಮ್ಮವರದು ಸಂಕೋಚದ ಸ್ವಭಾವ. ನಿಮ್ಮನ್ನು ನೋಡಬೇಕೆನ್ನಿಸಿತು, ಅದಕ್ಕೆ ಬಂದೆ ಎಂದು ಬಾಯಿಬಿಟ್ಟು ಹೇಳಿದವರನ್ನು ನನ್ನ ಬಾಲ್ಯದಲ್ಲಿ ನಾನು ಕಂಡಿಲ್ಲ. ಹಾಗೆ ಹೇಳಿದ್ದರೆ ಮನೆಯವರು ಗಾಬರಿಯಾಗುತ್ತಿದ್ದರೇನೋ.

ಆದ್ದರಿಂದ ಕೈಯಲ್ಲೊಂದು ನೆಪವಿರಬೇಕಾಗಿತ್ತು. ಹಾಲಿಗೆ ಹಾಕಲು ಹೆಪ್ಪಿಲ್ಲ ಎಂದು ಚಿಕ್ಕಮ್ಮ ಕೈಯಲ್ಲೊಂದು ಲೋಟ ಹಿಡಿದು ಬರುತ್ತಿದ್ದರು. ಕೊಟ್ಟಿಗೆಯಲ್ಲಿ ಮೂರು ಕರೆಯುವ ದನಗಳಿದ್ದ ಮನೆಯಲ್ಲಿ ವಾರಕ್ಕೆರಡು ಸಲ ಹೆಪ್ಪು ಹೇಗೆ ತೀರುತ್ತಿತ್ತೆಂದು ಆಗ ನನಗೆ ಹೊಳೆದಿರಲಿಲ್ಲ. ಮೇಲಿನಮನೆಯ ದೊಡ್ಡಪ್ಪ ಪಂಚಾಂಗ ನೋಡಲು ಬರುತ್ತಿದ್ದರು. ಆಚೆಮನೆಯವರು ಕಾಯಿ ಕೀಳುವ ದೋಟಿಗೆ, ಗುಡ್ಡದಮನೆಯವರು ಅಡಿಕೆ ಬೇಯಿಸುವ ಹಂಡೆಗೆ, ನಾವು ಅವರ ಏಣಿಗೆ, ನಿನ್ನೆಯ ಪತ್ರಿಕೆಗೆ, ಬಾಳೆಲೆಗೆ. ಬಂದವರು ಬಂದ ಕೆಲಸವನ್ನು ಮೊದಲು ಹೇಳುವುದು ಅಸಭ್ಯವೆಂಬಂತಿತ್ತು. ಮೊದಲು ಆಸರಿಗೆ ಎಂತ ಬೇಕೆಂಬ ವಿಚಾರಣೆ, ಕಾಫಿಯೋ ಬೆಲ್ಲದ ಪಾನಕವೋ, ಆಮೇಲೆ ಮಳೆ, ಕೊಳೆರೋಗ, ಮಂಗಗಳ ಕಾಟ, ಅಡಿಕೆಯ ಧಾರಣೆ, ಯಾರದೋ ಮಗಳ ಬಾಣಂತನ. ಎದ್ದು ಜಗಲಿಯ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ, “ಓ, ಮರೆತೇಹೋಗಿತ್ತು, ಸ್ವಲ್ಪ ಹೆಪ್ಪು ಇದ್ರೆ” ಎಂಬ ಮಾತು ಬರುತ್ತಿತ್ತು. ಒಂದು ಗಂಟೆಯ ಕೂಟಕ್ಕೆ ಒಂದು ಚಮಚ ಮೊಸರು ಕಾರಣ. ಕೆಲವು ದಿನ ಹೆಪ್ಪಿನ ಲೋಟವನ್ನು ನಮ್ಮ ಕಟ್ಟೆಯ ಮೇಲೆಯೇ ಮರೆತು ಹೋಗಿಬಿಡುತ್ತಿದ್ದರು. ಅದನ್ನು ಕೊಟ್ಟುಬರಲು ನಾನು ಓಡುತ್ತಿದ್ದೆ, ನನಗೆ ಅಲ್ಲಿ ಕೋಡುಬಳೆ ಸಿಗುತ್ತಿತ್ತು.

ಈಗ ಧಾರಣೆ ತಿಳಿಯಲು ಯಾರ ಮನೆಗೂ ಹೋಗಬೇಕಾಗಿಲ್ಲ. ಅಡಿಕೆಯ ಬಗೆಗಳಲ್ಲಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಸರಕಿಗೆ ಎಷ್ಟು, ಗೊರಬಲಿಗೆ ಎಷ್ಟು ಎಂಬುದು ವಹಿವಾಟು ಮುಗಿಯುವುದರೊಳಗೆ ಅಂಗೈಗೆ ಬಂದು ಬೀಳುತ್ತದೆ. ಪಂಚಾಂಗ ಮೊಬೈಲಿನಲ್ಲಿದೆ, ಪತ್ರಿಕೆ ಮೊಬೈಲಿನಲ್ಲಿದೆ, ಹೆಪ್ಪು ಹೊಸನಗರದ ಅಂಗಡಿಯಿಂದ ಬರುವ ಮೊಸರಿನ ಪ್ಯಾಕೆಟ್ಟಿನಲ್ಲಿದೆ. ದೋಟಿ ಬೇಕಿದ್ದರೆ ಒಂದು ಕರೆ ಮಾಡಿ, “ಬೇಲಿ ಹತ್ರ ಇಟ್ಟಿರಿ, ಹುಡುಗ ತಗೊಂಡು ಹೋಗ್ತಾನೆ” ಎಂದರೆ ಮುಗಿಯಿತು. ಕೆಲಸ ಎಷ್ಟು ಸಲೀಸಾಗಿ ಆಗುತ್ತದೆಯೆಂದರೆ ಅದರ ಬೆನ್ನಿಗಂಟಿ ಬರುತ್ತಿದ್ದ ಬೇರೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಆದರೆ ತಂತ್ರಜ್ಞಾನವೆಲ್ಲ ನೆಪಗಳ ವೈರಿಯೆಂದು ಹೇಳಿದರೆ ತಪ್ಪಾಗುತ್ತದೆ, ಏಕೆಂದರೆ ನಮ್ಮೂರಿಗೆ ಬಂದ ಮೊದಲ ದೂರವಾಣಿ ಸ್ವತಃ ಒಂದು ದೊಡ್ಡ ನೆಪವಾಗಿತ್ತು. 1984ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನೆಯ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟುಗಳ ಪುಟ್ಟ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣದ ಕೋಣೆ ಬೇಡದ, ಬಿಸಿಲು ಧೂಳುಗಳನ್ನು ತಾಳಿಕೊಳ್ಳುವ ಆ ಯಂತ್ರಗಳಿಂದಾಗಿಯೇ ಪಟ್ಟಣದಿಂದ ದೂರದ ಊರುಗಳಿಗೆ ಫೋನು ಬಂದಿತು. ನಮ್ಮ ಮೇಲಿನಮನೆಗೆ ಅದು ಬಂದದ್ದು 1991ರಲ್ಲಿ, ನಾನು ಹತ್ತನೆಯ ತರಗತಿಯಲ್ಲಿದ್ದಾಗ. ಹತ್ತು ಹನ್ನೆರಡು ಮನೆಗಳಿಗೆ ಅದೊಂದೇ ಫೋನು. ಬೊಂಬಾಯಿಯಲ್ಲಿದ್ದ ನನ್ನ ಸೋದರಮಾವ ಫೋನು ಮಾಡಿದರೆ ಮೇಲಿನಮನೆಯ ಹುಡುಗ ದಿಬ್ಬದ ಮೇಲೆ ನಿಂತು ಕೂ ಹಾಕುತ್ತಿದ್ದ, ಇತ್ತ ನಾವು ಓಗೊಟ್ಟ ಮೇಲೆ, “ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತಾರಂತೆ!” ಎಂದು ಅರಚುತ್ತಿದ್ದ. ಅಮ್ಮ ಒಲೆಯ ಕೆಂಡವನ್ನು ಹಿಂದಕ್ಕೆಳೆದು, ಸೆರಗಿಗೆ ಕೈಯೊರೆಸುತ್ತ ತೋಟದ ದಾರಿಯಲ್ಲಿ ಓಡುತ್ತಿದ್ದಳು. ಮಾತು ಮೂರು ನಿಮಿಷ, ಆಮೇಲೆ ಆ ಮನೆಯ ಜಗಲಿಯಲ್ಲಿ ಮುಕ್ಕಾಲು ಗಂಟೆ, ಏಕೆಂದರೆ ಅಣ್ಣ ಏನು ಹೇಳಿದನೆಂದು ದೊಡ್ಡಮ್ಮನಿಗೆ ಹೇಳದೆ ಬರುವುದು ಹೇಗೆ? ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಲೈನು ಹೋದರೆ ಇಡೀ ಊರಿಗೆ ಊರೇ ಲೈನ್‌ಮನ್ನಿನ ದಾರಿ ಕಾಯುತ್ತಿತ್ತು, ಬಂದವನಿಗೆ ಊಟ ಯಾರ ಮನೆಯಲ್ಲಿ ಎಂಬುದಕ್ಕೂ ಪೈಪೋಟಿಯಿತ್ತು.

ಯಂತ್ರ ಒಂದೇ ಇದ್ದಾಗ ಅದರ ಸುತ್ತ ಜನ ಸೇರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಬಂದಾಗ ಅವರವರ ಯಂತ್ರದ ಸುತ್ತ ಅವರವರು. ಟಿ.ವಿ.ಯ ಕಥೆಯೂ ಇದೇ ಆದ್ದರಿಂದ ಅದನ್ನು ವಿಸ್ತರಿಸುವುದಿಲ್ಲ; ಅಂಟೆನ ತಿರುಗಿಸಲು ಮಾಡಿನ ಮೇಲೆ ಒಬ್ಬ, ಅಂಗಳದಲ್ಲಿ ಒಬ್ಬ, ಟಿ.ವಿ.ಯೆದುರು ಒಬ್ಬ ಬೇಕಾಗುತ್ತಿದ್ದ ಕಾಲವನ್ನು ಕಂಡವರಿಗೆ ಅದು ನೆನಪಿದ್ದೇ ಇರುತ್ತದೆ.

ದೇಶದಲ್ಲಿ ಮೊಬೈಲು ಸೇವೆ ಆರಂಭವಾದದ್ದು 1995ರಲ್ಲಾದರೂ ನಮ್ಮ ಕಡೆಯ ಕೈಗಳಿಗೆ ಅದು ಬಂದದ್ದು 2003ರಲ್ಲಿ ಒಳಬರುವ ಕರೆಗಳಿಗೆ ದುಡ್ಡು ಕೊಡುವುದು ತಪ್ಪಿದ ಮೇಲೆಯೇ. ಆಗಿನ ಮಿಸ್ಡ್ ಕಾಲಿನ ಭಾಷೆಯನ್ನು ಯಾರಾದರೂ ಬರೆದಿಡಬೇಕಿತ್ತೆಂದು ನನಗೆ ಅನ್ನಿಸುತ್ತದೆ. ಒಂದು ರಿಂಗು ಎಂದರೆ ಬಸ್ಸು ಹತ್ತಿದೆ, ಎರಡು ಎಂದರೆ ತಲುಪಿದೆ, ಮೂರು ಎಂದರೆ ನೀನೇ ಮಾಡು ಎಂದು ನಮ್ಮ ಮನೆಯಲ್ಲಿ ಒಪ್ಪಂದವಾಗಿತ್ತು. ಅಪ್ಪ ಒಂದಕ್ಕೂ ಎರಡಕ್ಕೂ ವ್ಯತ್ಯಾಸ ತಿಳಿಯದೆ ಎತ್ತಿಬಿಡುತ್ತಿದ್ದರು, ನಾನು ಬೈಯುತ್ತಿದ್ದೆ, ಅವರು ಆ ಬೈಗುಳವನ್ನೂ ಕೇಳಿ ಸಂತೋಷದಿಂದ ಇಡುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮಾತಿಗೆ ಬೆಲೆಯೇ ಇಲ್ಲವಾಯಿತು; ಇದನ್ನು ದುಡ್ಡಿನ ಅರ್ಥದಲ್ಲಿ ಹೇಳುತ್ತಿದ್ದೇನೆ, ಓದುವವರು ಬೇರೆ ಅರ್ಥ ಮಾಡಿಕೊಂಡರೆ ನಾನು ತಡೆಯುವುದಿಲ್ಲ.

ಅಡಿಕೆ ಸುಲಿತದ ರಾತ್ರಿಗಳ ವಿಷಯವನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಮಲೆನಾಡಿನಿಂದ ಹೊರಗೆ ಹೋದವರು ಅವನ್ನು ನೆನೆದು ಬರೆಯುವಾಗ ಹಬ್ಬವೆಂಬಂತೆ ಬರೆಯುತ್ತಾರೆ. ಕಾರ್ತಿಕದ ಚಳಿಯಲ್ಲಿ, ಚಪ್ಪರದ ಕೆಳಗೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಮೆಟ್ಟುಕತ್ತಿಗಳ ಮುಂದೆ ಸಾಲಾಗಿ ಕುಳಿತು ಇಪ್ಪತ್ತು ಮಂದಿ ಹಸಿ ಅಡಿಕೆ ಸುಲಿಯುತ್ತಿದ್ದುದು, ಆ ಸದ್ದಿನೊಂದಿಗೆ ಕಥೆ, ಒಗಟು, ಊರ ಸುದ್ದಿ, ಹಾಡು ಸಾಗುತ್ತಿದ್ದುದು ನಿಜ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕಿಷ್ಟು ಎಂದು ಕೂಲಿ ಕೊಡುತ್ತಿದ್ದರೆಂಬುದೂ, ಹಗಲೆಲ್ಲ ಗದ್ದೆಯಲ್ಲಿ ದುಡಿದ ಹೆಂಗಸರು ಆ ಡಬ್ಬದ ಲೆಕ್ಕಕ್ಕಾಗಿಯೇ ಹನ್ನೆರಡು ಗಂಟೆಯವರೆಗೆ ಬೆನ್ನು ಬಗ್ಗಿಸಿ ಕೂರುತ್ತಿದ್ದರೆಂಬುದೂ ಅಷ್ಟೇ ನಿಜ. ಅವರ ಬೆರಳುಗಳಿಗೆ ಹತ್ತಿದ ಕಪ್ಪು ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ. ಸುಲಿಯುವ ಯಂತ್ರ ಬಂದಾಗ ಅವರಲ್ಲಿ ಯಾರೂ ಮಾತು ನಿಂತಿತೆಂದು ಅತ್ತದ್ದನ್ನು ನಾನು ಕೇಳಿಲ್ಲ. ಅತ್ತದ್ದು ಕಥೆ ಕೇಳುತ್ತ ಬೆಚ್ಚಗೆ ಕಂಬಳಿ ಹೊದ್ದು ಮಲಗುತ್ತಿದ್ದ ನಮ್ಮಂಥ ಮಕ್ಕಳು. ನಮ್ಮ ತೋಟವನ್ನಂತೂ ಅಪ್ಪ ಹೋದ ಮೇಲೆ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದೇವೆ. ಚೇಣಿದಾರರು ಅಡಿಕೆಗೊನೆ ತೆಗೆದು ತಮ್ಮಲ್ಲಿಗೆ ಸಾಗಿಸಿ ಯಂತ್ರಕ್ಕೆ ಹಾಕುತ್ತಾರೆ, ನಮ್ಮ ಅಂಗಳದಲ್ಲಿ ಈಗ ಚಪ್ಪರವೇ ಇಲ್ಲ. ಹಾಗಿದ್ದೂ ಒಂದನ್ನು ಗಮನಿಸಿದ್ದೇನೆ. ಯಂತ್ರದ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲವಾದ್ದರಿಂದ ಅಲ್ಲಿ ಕೆಲಸ ಮಾಡುವ ಹುಡುಗರು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿರುತ್ತಾರೆ, ಮತ್ತು ಒಬ್ಬೊಬ್ಬರ ಕಿವಿಯಲ್ಲೂ ಬೇರೆ ಬೇರೆ ಹಾಡಿರುತ್ತದೆ.

ಯಾರ ಬೆನ್ನನ್ನೂ ಮುರಿಯದ, ಯಾರ ಕೂಲಿಯನ್ನೂ ಅವಲಂಬಿಸದ ನೆಪವೊಂದಿತ್ತು, ಅದು ಮದುವೆಯ ಕರೆ. 1998ರಲ್ಲಿ ನನ್ನ ಮದುವೆಗೆ ಅಪ್ಪ ಮೂರು ವಾರ ಊರೂರು ಸುತ್ತಿ ಕರೆದರು. ಹೆಗಲಿನ ಚೀಲದಲ್ಲಿ ಲಗ್ನಪತ್ರಿಕೆಗಳು, ಅಕ್ಷತೆಯ ಪೊಟ್ಟಣ, ಕುಂಕುಮ. ಸಾಗರದ ಕಡೆಗೆ ಎರಡು ದಿನ, ಕೊಪ್ಪ ಶೃಂಗೇರಿಗಳ ಕಡೆಗೆ ಮೂರು ದಿನ, ಬಸ್ಸು ಸಿಕ್ಕಲ್ಲಿ ಬಸ್ಸು, ಇಲ್ಲದಲ್ಲಿ ನಡಿಗೆ; ಕತ್ತಲಾದ ಮನೆಯಲ್ಲೇ ಊಟ ಮತ್ತು ನಿದ್ದೆ. ನಮ್ಮ ತಂದೆಗೂ ಅವರ ದಾಯಾದಿಯೊಬ್ಬರಿಗೂ ತೋಟದ ಗಡಿಯ ವಿಷಯದಲ್ಲಿ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಕರೆಯದಿದ್ದರೆ ಲೋಕ ಏನೆನ್ನುತ್ತದೆ ಎಂಬ ಒಂದೇ ಕಾರಣ ಹೇಳಿಕೊಂಡು ಅಪ್ಪ ಆ ಮನೆಗೂ ಹೋದರು. ಹೋಗಿ ಅಂಗಳದಲ್ಲಿ ನಿಂತರು. ಒಳಗಿನಿಂದ ಬಂದ ಆ ದಾಯಾದಿ ಒಂದು ಕ್ಷಣ ನೋಡಿ, “ಕೈಕಾಲು ತೊಳ್ಕೋ. ಆಸರಿಗೆ ಎಂತ ಕೊಡ್ಲಿ?” ಎಂದು ಕೇಳಿದರಂತೆ. ಗಡಿಯ ಮಾತು ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಮದುವೆಯಲ್ಲಿ ಬಡಿಸುವವರ ಮುಂದಾಳಾಗಿ ಓಡಾಡಿದವರು ಅವರೇ.

ಈಗ ಪತ್ರಿಕೆ ಪಿ.ಡಿ.ಎಫ್. ಆಗಿ ಬರುತ್ತದೆ, ಜೊತೆಗೆ ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ ಎಂಬ ಒಕ್ಕಣೆ. ಕರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ; ಮಗ ಬೆಂಗಳೂರಿನಲ್ಲಿ, ರಜೆ ಸಿಕ್ಕುವುದೇ ನಾಲ್ಕು ದಿನ, ನೆಂಟರು ಆರು ಜಿಲ್ಲೆಗಳಲ್ಲಿ. ಕಳೆದ ವರ್ಷ ನನ್ನ ಮೈದುನನ ಮಗನ ಉಪನಯನಕ್ಕೆ ನಾವೂ ಹಾಗೆಯೇ ಕಳುಹಿಸಿದೆವು. ಆದರೆ ನನ್ನ ತಂದೆ ಆ ಅಂಗಳದಲ್ಲಿ ನಿಂತ ಹೊತ್ತನ್ನು ಪಿ.ಡಿ.ಎಫ್. ನಿಲ್ಲಲಾರದು. ಅಂಗಳಕ್ಕೆ ಬಂದವನನ್ನು ಕಂಡ ಮೇಲೆ ಮನೆಯವನು ಏನಾದರೂ ಮಾಡಲೇಬೇಕು, ಬೈಯಬೇಕು ಇಲ್ಲವೇ ಆಸರಿಗೆ ಕೇಳಬೇಕು. ಮೊಬೈಲಿಗೆ ಬಂದ ಕರೆಯೋಲೆಯನ್ನು ನೋಡಿಯೂ ನೋಡದಂತಿರಬಹುದು. 2014ರ ನವೆಂಬರಿನಲ್ಲಿ ವಾಟ್ಸಾಪಿನವರು ಓದಿದ ಸಂದೇಶಕ್ಕೆ ನೀಲಿ ಗೆರೆಗಳನ್ನು ಕೊಟ್ಟರು, ಜನ ಕೂಗಾಡಿದ ಮೇಲೆ ಅದನ್ನು ಮುಚ್ಚಿಡುವ ದಾರಿಯನ್ನೂ ಕೊಟ್ಟರು. ಓಗೊಡುವುದು ಎಂಬ ನಮ್ಮ ಮಾತಿಗೆ ಕೇಳಿಸಿತು ಎಂಬುದಕ್ಕಿಂತ ಹೆಚ್ಚಿನ ಅರ್ಥವಿದೆ, ನೀಲಿ ಗೆರೆಗೆ ಕೇಳಿಸಿತು ಎಂಬಷ್ಟೇ ಅರ್ಥ. ರಾತ್ರಿಹೊತ್ತು ಯಾರಾದರೂ ಒಂದೇ ಸಲ ಹೆಸರು ಹಿಡಿದು ಕೂಗಿದರೆ ಓ ಎನ್ನಬಾರದು, ಮೂರು ಸಲ ಕೂಗಿದರೆ ಮಾತ್ರ ಮನುಷ್ಯರೆಂದು ತಿಳಿಯಬೇಕು ಎಂದು ಅಜ್ಜಿ ನಮಗೆ ಹೇಳಿಕೊಟ್ಟಿದ್ದಳು. ನಮ್ಮ ಕುಟುಂಬದ ಗುಂಪಿನಲ್ಲಿ ನನ್ನ ಸಂದೇಶಕ್ಕೆ ಮೂವತ್ತೆಂಟು ಮಂದಿಯಲ್ಲಿ ಒಬ್ಬರೂ ಉತ್ತರಿಸದಿದ್ದಾಗ ನನಗೆ ಅಜ್ಜಿಯ ಈ ಮಾತು ನೆನಪಾಗುತ್ತದೆ. ನಾನು ಒಂದೇ ಸಲ ಕೂಗಿದ್ದರಿಂದ ದೆವ್ವವೆಂದು ತಿಳಿದರೋ ಏನೋ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ನಗರಗಳಿಂದ ಮಕ್ಕಳು ಮರಳಿದಾಗ ನಮ್ಮೂರಿನಲ್ಲಿ ನಡೆದದ್ದು ಈ ಇಡೀ ವಿಷಯವನ್ನು ತಲೆಕೆಳಗು ಮಾಡಿ ತೋರಿಸಿತು. ಆಗ ನಮ್ಮಲ್ಲಿ ಟವರಿರಲಿಲ್ಲ. ಕೆಳಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ, ಒಂದು ನೇರಳೆ ಮರದ ಬುಡದಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ನನ್ನ ತಮ್ಮನ ಮಗ ಅಲ್ಲಿ ನಾಲ್ಕು ಗೂಟ ನೆಟ್ಟು ಟಾರ್ಪಾಲು ಕಟ್ಟಿದ. ಎರಡೇ ವಾರದಲ್ಲಿ ಅಲ್ಲಿ ಐದು ಮನೆಗಳ ಒಂಬತ್ತು ಮಕ್ಕಳು ಸೇರಿದರು. ಅದುವರೆಗೆ ಹಬ್ಬಕ್ಕೆ ಬಂದು ಹೋಗುತ್ತಿದ್ದ, ಒಬ್ಬರ ಹೆಸರು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿಲ್ಲದ ಮಕ್ಕಳು. ಆನ್‌ಲೈನ್ ತರಗತಿ ಮುಗಿದ ಮೇಲೂ ಅವರು ಅಲ್ಲಿಂದ ಇಳಿಯುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಇಂಬಳದ, ಅಂದರೆ ಜಿಗಣೆಯ, ಕಾಟಕ್ಕೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಹತ್ತುತ್ತಿದ್ದರು. ಚಿಕ್ಕಮ್ಮ ಅವರಿಗೆ ಹಲಸಿನ ಹಪ್ಪಳ ಕರಿದು ಕಳುಹಿಸುತ್ತಿದ್ದರು, ಸಂಜೆ ಮಗಳೊಡನೆ ಮಾತನಾಡಲೆಂದು ತಾವೂ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಬೇರೆ ಬೇರೆ ಊರುಗಳಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಜನ ಫಲಕ ಹಿಡಿದದ್ದು ಅದೇ ಕಾಲದಲ್ಲಿ, ಮತ್ತು ಅವರ ಬೇಡಿಕೆ ಪೂರ್ತಿ ನ್ಯಾಯವಾದದ್ದೇ ಆಗಿತ್ತು. ಗುಡ್ಡ ಹತ್ತಲಾರದವನಿಗೆ ಹೃದಯಾಘಾತವಾದರೆ ಆಂಬುಲೆನ್ಸ್ ಕರೆಯುವವರಾರು? 2022ರಲ್ಲಿ ನಮಗೂ ಟವರು ಬಂತು. ಆ ಮಕ್ಕಳಲ್ಲಿ ಇಬ್ಬರು ಈಗಲೂ ಊರಿನಿಂದಲೇ ಕೆಲಸ ಮಾಡುತ್ತಿದ್ದಾರೆ, ತಮ್ಮ ತಮ್ಮ ಮನೆಯ ಉಪ್ಪರಿಗೆಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಗುಡ್ಡದ ಮೇಲಿನ ಗೂಟಗಳಲ್ಲಿ ಎರಡು ಹಾಗೆಯೇ ನಿಂತಿವೆ.

ಕೊರತೆಯೇ ಒಳ್ಳೆಯದೆಂದು ಹೇಳುವವರ ಸಾಲಿಗೆ ನನ್ನನ್ನು ಸೇರಿಸಬಾರದೆಂದು ಕೇಳಿಕೊಳ್ಳುತ್ತೇನೆ. ನನ್ನ ಅಕ್ಕನನ್ನು ಕೊಟ್ಟದ್ದು ತುಮರಿಯ ಕಡೆಗೆ, ಶರಾವತಿಯ ಹಿನ್ನೀರಿನ ಆಚೆಗೆ. ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತ ಅಂಬಾರಗೋಡ್ಲಿನ ದಡದಲ್ಲಿ ಕುಳಿತವರೆಲ್ಲ ಪರಸ್ಪರ ಪರಿಚಯದವರಾಗುತ್ತಿದ್ದರೆಂಬುದು ನಿಜ, ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೆರಿಗೆನೋವಿನ ಹೆಂಗಸು ಏನು ಮಾಡಬೇಕಿತ್ತೆಂಬುದೂ ನಿಜ. 2025ರ ಜುಲೈ 14ರಂದು ಆ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ ಉದ್ಘಾಟನೆಯಾದ ದಿನ ಅಕ್ಕ ಫೋನಿನಲ್ಲಿ ಅತ್ತಳು, ಅದು ಸಂತೋಷದ ಅಳು. ಲಾಂಚಿನಲ್ಲಿ ಸಿಗುತ್ತಿದ್ದವರು ಈಗ ಸಿಗುವುದಿಲ್ಲ ಎಂಬುದನ್ನು ಅವಳು ಹೇಳಿದ್ದು ಅದಾಗಿ ಎರಡು ತಿಂಗಳ ಮೇಲೆ, ಬೇರೇನೋ ಮಾತಿನ ನಡುವೆ.

ಪೇಟೆಯಲ್ಲಿರುವ ನಮ್ಮ ಮನೆಯ ಸ್ಥಿತಿಯನ್ನು ಹೇಳದೆ ಊರಿನವರ ಬಗ್ಗೆ ಮಾತ್ರ ಬರೆದರೆ ಅದು ಅಪ್ರಾಮಾಣಿಕವಾಗುತ್ತದೆ. ಶಿವಮೊಗ್ಗದಲ್ಲಿ ನಾವಿರುವುದು ನಾನು, ನನ್ನ ಯಜಮಾನರು ಮತ್ತು ಪಿ.ಯು.ಸಿ. ಓದುವ ಮಗ. ರಾತ್ರಿಯ ಊಟದ ಮೇಜಿನ ಮೇಲೆ ಸಾರಿನ ಪಾತ್ರೆಯ ಪಕ್ಕದಲ್ಲಿ ಮೂರು ಫೋನುಗಳು ಮಕಾಡೆ ಮಲಗಿರುತ್ತವೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ಮನಃಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅಪರಿಚಿತರನ್ನು ಇಬ್ಬಿಬ್ಬರಂತೆ ಕೂರಿಸಿ ಹತ್ತು ನಿಮಿಷ ಮಾತನಾಡಲು ಬಿಟ್ಟರು. ಕೆಲವು ಜೋಡಿಗಳ ಬಳಿಯ ಮೇಜಿನ ಮೇಲೆ ಯಾರದೂ ಅಲ್ಲದ ಒಂದು ಮೊಬೈಲನ್ನು, ಉಳಿದವರ ಬಳಿ ಒಂದು ಪುಟ್ಟ ನೋಟ್‌ಬುಕ್ಕನ್ನು ಇಟ್ಟಿದ್ದರು. ಮೊಬೈಲನ್ನು ಯಾರೂ ಮುಟ್ಟದಿದ್ದರೂ ಅದಿದ್ದ ಕಡೆ ಮಾತನಾಡಿದವರಿಗೆ ಎದುರಿನವರ ಮೇಲೆ ಹುಟ್ಟಿದ ಆತ್ಮೀಯತೆ ಕಡಿಮೆಯಾಗಿತ್ತು, ಅದರಲ್ಲಿಯೂ ಮನಸ್ಸಿಗೆ ಹತ್ತಿರದ ವಿಷಯ ಮಾತನಾಡಿದಾಗ. ಆಮೇಲೆ ಇದೇ ಪ್ರಯೋಗವನ್ನು ಬೇರೆಯವರು ಮಾಡಿದಾಗ ಅದೇ ಫಲ ಎಲ್ಲ ಸಲವೂ ಬರಲಿಲ್ಲ, ಆದ್ದರಿಂದ ಅದನ್ನು ವೇದವಾಕ್ಯವೆಂದು ಹಿಡಿಯುವಂತಿಲ್ಲ. ನಮ್ಮ ಮೇಜಿನ ಮಟ್ಟಿಗೆ ನಾನು ಕಂಡುಕೊಂಡದ್ದು ಬೇರೆ. ಫೋನನ್ನು ಇನ್ನೊಂದು ಕೋಣೆಯಲ್ಲಿಡುವ ನಿಯಮವನ್ನು ನಾನೇ ತಂದೆ, ಒಂಬತ್ತು ದಿನ ನಡೆಯಿತು. ಆ ಒಂಬತ್ತು ದಿನ ನಾವು ಮೂವರೂ ಸುಮ್ಮನೆ ಕುಳಿತು ಊಟ ಮಾಡಿದೆವು. ಹತ್ತನೆಯ ದಿನ ಕರೆಂಟು ಹೋಯಿತು, ಇನ್ವರ್ಟರು ಕೆಟ್ಟಿತ್ತು, ಮೇಣದ ಬತ್ತಿ ಹುಡುಕುವ ಗಲಾಟೆಯಲ್ಲಿ ಮಗ ತನ್ನ ಗೆಳೆಯನೊಬ್ಬ ಮಾತು ಬಿಟ್ಟ ವಿಷಯವನ್ನು ತಾನಾಗಿಯೇ ಹೇಳಿದ. ಎದುರುಬದುರು ಕೂತು ಮಾತನಾಡು ಎಂದರೆ ಅವನಿಗೆ ಬಾಯಿ ಬರುವುದಿಲ್ಲ. ಮಲೆನಾಡಿನ ರಕ್ತವೇ ಇರಬೇಕು, ಅವನಿಗೂ ಒಂದು ನೆಪ ಬೇಕು.

ಇಷ್ಟೆಲ್ಲವನ್ನೂ ನಾನು ಆಷಾಢದಲ್ಲಿ ಊರಿಗೆ ಹೋದಾಗ ಅಮ್ಮನೆದುರು ಹೇಳಿದೆ, ಸ್ವಲ್ಪ ಭಾಷಣದ ಧಾಟಿಯಲ್ಲಿಯೇ. ಅವಳು ಕಡುಬಿಗೆ ಅಕ್ಕಿ ಹುರಿಯುತ್ತಿದ್ದಳು. “ನಿಂಗೆಂತ ಗೊತ್ತು? ನಿಮ್ಮಪ್ಪ ಹೋದ್ಮೇಲೆ ರಾತ್ರಿ ಈ ಮನೇಲಿ ಮನುಷ್ಯರ ದನಿ ಅಂತ ಇದ್ದಿದ್ದು ಈ ಫೋನು ಒಂದೇ. ಮಳೆಗಾಲದಲ್ಲಿ ಸಂಕ ಮುಳುಗಿದ್ರೆ ನಾಲ್ಕು ದಿ‌ನ ಯಾರ ಮುಖಾನೂ ಕಾಣ್ತಿರ್ಲಿಲ್ಲ ನಾವು, ಅದು ನಿಂಗೆ ಮರ್ತೋಯ್ತಾ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮುಂಬೈಯಲ್ಲಿ ಹಾಸಿಗೆ ಹಿಡಿದಿರುವ ತನ್ನ ಅಣ್ಣನ ಮುಖವನ್ನು ಅವಳು ದಿನವೂ ಮಧ್ಯಾಹ್ನ ವಿಡಿಯೋ ಕರೆಯಲ್ಲಿ ನೋಡುತ್ತಾಳೆ. ಇಬ್ಬರಿಗೂ ಕಿವಿ ಮಂದವಾದ್ದರಿಂದ ಮಾತು ಕಡಿಮೆ, ಅವನು ಮಲಗಿರುತ್ತಾನೆ, ಇವಳು ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟು ಸೊಪ್ಪು ಸೋಸುತ್ತಾಳೆ. ಸುಮ್ಮನೆ ಜೊತೆಗಿರುವುದಕ್ಕೆ ಅವಳು ಆ ಯಂತ್ರವನ್ನು ಪಳಗಿಸಿಕೊಂಡಿರುವ ರೀತಿಯನ್ನು ಕಂಡಾಗ ನನ್ನ ವಾದ ನನಗೇ ತುಸು ಪೊಳ್ಳೆನಿಸಿತು. ಅಷ್ಟು ದೂರದ ಅಣ್ಣನಿಗೆ ಫೋನು ಸಾಕು. ಹತ್ತು ನಿಮಿಷದ ದಾರಿಯ ಚಿಕ್ಕಮ್ಮನಿಗೂ ಅದೇ ಸಾಕಾಗಿಬಿಟ್ಟದ್ದರ ಬಗ್ಗೆ ಮಾತ್ರ ನನ್ನ ತಕರಾರು ಉಳಿದಿದೆ.

ಅಂದು ಅಡುಗೆಮನೆಯ ಮೇಲಿನ ಗೂಡನ್ನು ಒರೆಸುವಾಗ ನನಗೊಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಅದರ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆಳಮನೆಯ ಚಿಕ್ಕಪ್ಪನ ಹೆಸರು ಕೊರೆದಿತ್ತು. ಯಾವಾಗಲೋ ಅಲ್ಲಿಂದ ಏನೋ ಬಂದಿದೆ, ಡಬ್ಬಿ ಹಿಂದಕ್ಕೆ ಹೋಗಿಲ್ಲ. “ನಾನು ಹೇಗೂ ಆ ಕಡೆಯಿಂದಲೇ ಹೋಗ್ತೇನೆ, ಕೊಟ್ಟು ಹೋಗ್ಲಾ?” ಎಂದೆ. ಅಮ್ಮ ಒಲೆಯ ಕಡೆಗೆ ತಿರುಗಿಕೊಂಡೇ, “ಅದನ್ನ ಅಲ್ಲೇ ಇಡು. ಖಾಲಿ ಡಬ್ಬಿ ಯಾರಾದ್ರೂ ಕೊಡ್ತಾರಾ? ಮಳೆ ಹೊಳವಾಗ್ಲಿ, ನಾನೇ ಹೋಗಿ ಕೊಟ್ಟು ಬರ್ತೀನಿ” ಎಂದಳು.

ಭಾದ್ರಪದದಲ್ಲಿ ಮತ್ತೆ ಹೋಗಿದ್ದೆ. ಅಮ್ಮ ಅಪ್ಪೆಮಿಡಿ ತುಂಬಿಕೊಂಡು ಹೋಗಿ ಬಂದಿದ್ದಳಂತೆ, ಹನ್ನೊಂದು ಗಂಟೆಗೆ ಹೋದವಳು ಮರಳಿದ್ದು ದೀಪ ಹಚ್ಚುವ ಹೊತ್ತಿಗೆ. ಡಬ್ಬಿ ಗೂಡಿನಲ್ಲಿ ಅದೇ ಜಾಗದಲ್ಲಿತ್ತು. ತೆರೆದು ನೋಡಿದರೆ ಅರ್ಧ ಡಬ್ಬಿ ಕೋಡುಬಳೆ.